ಗಾಡಿ ಕೆಟ್ರೆ ರೋಡಲ್ಲಿ ಕೂರೋರು ನಾವು, ಪ್ಲಾನ್ ಆರಿಸೋರು ಅವ್ರಾ?

ಅಕ್ಕಂದಿರೇ, ಅತ್ತಿಗೇರೇ, ಈ ಸಲ ಸಾರಿನ ಪುಡಿ ಬುಟ್ಟು ಗಾಡಿ ಮಾತಾಡ್ತೀನಿ, ಮೂಗು ಮುರೀಬ್ಯಾಡಿ. ರೋಡಲ್ಲಿ ಗಾಡಿ ಕೆಟ್ಟು ನಿಂತ್ರೆ ಬಂದು ಎತ್ಕೊಂಡು ಹೋಗೋ ಪ್ಲಾನು ಅಂತ ಇನ್ಶೂರೆನ್ಸ್ ಜೊತೇಲಿ ಮಾರ್ತಾರಲ್ಲ, ರೋಡ್‌ಸೈಡ್ ಅಸಿಸ್ಟೆನ್ಸು, ಅದನ್ನ ಆರಿಸೋದು ಗಂಡಸ್ರ ಕೆಲ್ಸ ಅಂತ ಎಲ್ಲಾರ ಮನೇಲೂ ನಡ್ಕೊಂಡು ಬಂದೈತೆ. ಅದು ಹೋಗ್ಬೇಕು. ಗಾಡಿ ಅವ್ರ ಹೆಸ್ರಲ್ಲೇ ಇರ್ಲಿ, ಸ್ಟೇರಿಂಗೂ ಅವ್ರೇ ಹಿಡೀಲಿ, ಬ್ಯಾಡ ಅಂದೋರ್ಯಾರು? ಆದ್ರೆ ಈ ಪ್ಲಾನ್ ಆರಿಸಬೇಕಾದೋರು ನಾವು. ಒಪ್ಪದೆ ಇರೋರು ಜಗಳಕ್ಕೆ ಬನ್ನಿ, ಕಾಫಿ ಕಾಯ್ಸಿರ್ತೀನಿ.

ನಮ್ ಕಡೆ ಗಾಡೀಲಿ ಹೋಗೋದು ಅಂದ್ರೆ ಒಬ್ಬ ಡ್ರೈವರು, ಒಂದು ಬ್ಯಾಗು ಅಲ್ಲ. ಮಾದಪ್ಪನ ಬೆಟ್ಟಕ್ಕೆ ಹೊರಟ್ರೆ ಸಣ್ಣ ಸಿಲಿಂಡ್ರು, ಸ್ಟವ್ವು, ದಬರಿ, ಅಕ್ಕಿ, ರಾಗಿಹಿಟ್ಟು, ಚಾಪೆ, ಜಮಖಾನ, ಅತ್ತೆ ಬಿಪಿ ಮಾತ್ರೆ, ಕೂಸಿನ ಹಾಲಿನ ಬಾಟ್ಲು, ಇಡೀ ಮನೇನೇ ಗಾಡಿಗೆ ತುಂಬ್ತೀವಿ. ಅಮೇರಿಕದಲ್ಲಿ ಅಡುಗೆಮನೆ, ಮಂಚ, ಬಚ್ಚಲು ಎಲ್ಲಾ ಒಳಗೇ ಇರೋ ದೊಡ್ಡ ಗಾಡಿ ತಕ್ಕೊಂಡು ಊರೂರು ಸುತ್ತುತಾರಂತೆ, ಆರ್‌ವಿ ಅಂತಾರೆ. ನಮ್ದೂ ಅದೇ ಕಣ್ರವ್ವ, ಬಚ್ಚಲೊಂದು ಇಲ್ಲ ಅಷ್ಟೆ. ಅಲ್ಲಿ 1902ರಿಂದ ಇರೋ ಎಎಎ ಅನ್ನೋ ಮೋಟಾರು ಸಂಘ ಕೂಡ ಕಾರಿನ ಸದಸ್ಯತ್ವ ಬೇರೆ, ಆರ್‌ವಿಗೆ ಸೇರೋ ಸದಸ್ಯತ್ವ ಬೇರೆ ಅಂತ ಮಡಗೈತೆ. ಕಾರು ಎತ್ತೋ ಲಾರಿ ಆ ದೊಡ್ಡ ಗಾಡೀನ ಎತ್ತಕ್ಕಾಗಲ್ಲ. ಇಲ್ಲೂ ಅದೇ ಕತೆ. ನಿಮ್ಮ ಸ್ವಂತ ಕಾರಿನ ಪ್ಲಾನು ನೀವು ಬಾಡಿಗೆಗೆ ಮಾಡೋ ಹಳದಿ ಬೋರ್ಡಿನ ಟೆಂಪೋ ಟ್ರಾವೆಲರಿಗೆ ನಡೆಯಲ್ಲ. ಅದರ ಓನರ್ ಏನು ಮಾಡ್ಸವ್ನೆ ಅಂತ ಅಡ್ವಾನ್ಸ್ ಕೊಡೋಕ್ ಮುಂಚೆ ಕೇಳ್ಬೇಕು. ಗಂಡಸ್ರು ಕೇಳೋದು ಮೈಲೇಜು, ಎಸಿ, ಪಾಟಿನ ಸೆಟ್ಟು.

ಈ ವಿಷ್ಯದಲ್ಲಿ ಗಂಡಸ್ರು ಎರಡು ಪಂಗಡ. ನಮ್ಮ ಭಾವನೋರ ಪಂಗಡ "ಅದೆಲ್ಲ ದಂಡ, ನಮ್ ಮೆಕ್ಯಾನಿಕ್ ಇಲ್ವಾ, ಒಂದ್ ಫೋನ್ ಹಾಕುದ್ರೆ ಬತ್ತಾನೆ" ಅನ್ನೋದು. ಎರಡನೇದು ನಮ್ಮ ಹುಡುಗ್ರ ಪಂಗಡ, "ಆ್ಯಪ್ ಐತೆ ಬುಡಮ್ಮ" ಅನ್ನೋದು.

ಮೆಕ್ಯಾನಿಕ್ಕಿನ ಬಗ್ಗೆ ನಾನು ಹಗುರವಾಗಿ ಮಾತಾಡಲ್ಲ. ಮದ್ದೂರು, ಮಳವಳ್ಳೀಲಿ ಮಳೇಲೂ ಎದ್ದು ಬಂದು ಗಾಡಿ ಸರಿ ಮಾಡಿ, ದುಡ್ಡು ಆಮೇಲೆ ಕೊಡಿ ಅನ್ನೋರು ಅವ್ರೆ. ಆದ್ರೆ ಶಿವರಾತ್ರಿ, ಯುಗಾದಿ, ದೀಪಾವಳಿ ಜಾತ್ರೆ ದಿನ ಅವನೂ ಮಾದಪ್ಪನ ಬೆಟ್ಟದಲ್ಲೇ ಇರ್ತಾನೆ, ಫೋನ್ ಯಾರು ಎತ್ತೋರು? ಇನ್ನೊಂದು ವಿಷ್ಯ ಭಾವನೋರಿಗೆ ಹೊಳ್ದಿಲ್ಲ. ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇನ ಪ್ರಧಾನಿ ಬಂದು ಉದ್ಘಾಟನೆ ಮಾಡಿದ್ದು 2023ರ ಮಾರ್ಚ್ 12. ಅದೇ ವರ್ಷ ಆಗಸ್ಟ್ 1ರಿಂದ ಮೇಲಿನ ರೋಡಿಗೆ ಬೈಕು, ಆಟೋ, ಟ್ರ್ಯಾಕ್ಟ್ರು ಹತ್ತಂಗಿಲ್ಲ ಅಂತ ಆಯ್ತು. ನಿಮ್ಮ ಕಾರು ಗೆಜ್ಜಲಗೆರೆ ಹತ್ರ ಮೇಲೆ ನಿಂತ್ರೆ ಮೆಕ್ಯಾನಿಕ್ಕು ಸ್ಪಾನರ್ ಚೀಲ ತಕ್ಕೊಂಡು ಬೈಕಲ್ಲಿ ಸರ್ವೀಸ್ ರೋಡಿಗೆ ಬಂದು ಬೇಲಿ ಆಚೆ ನಿಂತ್ಕೊಂಡು ಕೈ ಬೀಸ್ಬೇಕು, ಅಷ್ಟೆ.

ಎಕ್ಸ್‌ಪ್ರೆಸ್‌ವೇಗೆ ಅಂತ ಪ್ಲಾನ್ ಕೊಳ್ಳೋದೂ ಬ್ಯಾಡ. ಅಲ್ಲಿ ನಿಂತ್ರೆ 1033ಕ್ಕೆ ಫೋನ್ ಮಾಡಿ. ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರದ ನಂಬರು, ಹಗಲೂ ರಾತ್ರಿ ಇರ್ತದೆ. ಗಸ್ತು ಗಾಡಿ, ಕ್ರೇನು, ಆಂಬುಲೆನ್ಸು ಅವ್ರ ಕಡೆಯಿಂದ ಬತ್ತವೆ. ಗಣಂಗೂರಲ್ಲಿ, ಬಿಡದಿ ಹತ್ರ ಟೋಲ್ ಕಟ್ತೀವಲ್ಲ, ಪುಗಸಟ್ಟೆ ಅಲ್ಲ. ಆದ್ರೆ ಅವ್ರು ಗಾಡೀನ ರೋಡಿಂದ ತೆಗೆದು ಅಪಾಯ ಇಲ್ಲದ ಜಾಗಕ್ಕೆ ಬುಡ್ತಾರೆ. ನಿಮ್ಮ ಗ್ಯಾರೇಜ್ ತನಕ ತಂದು ಬುಡೋದು ಅವ್ರ ಕೆಲ್ಸ ಅಲ್ಲ. ಹಲಗೂರು, ಮಳವಳ್ಳಿ ಮೇಲೆ ಕೊಳ್ಳೇಗಾಲಕ್ಕೆ ಹೋಗೋ ಕನಕಪುರದ ರೋಡೂ ರಾಷ್ಟ್ರೀಯ ಹೆದ್ದಾರಿನೇ, ಅಲ್ಲೂ 1033 ಒತ್ತಬೌದು. ಒಂದು ಮಾತು ಮರೀಬ್ಯಾಡಿ: ಅಂಥ ರೋಡಲ್ಲಿ ನಿಂತ್ರೆ ಮಕ್ಕಳನ್ನ ಕಾರೊಳಗೆ ಕೂರಿಸ್ಕೊಂಡು ಕಾಯಬ್ಯಾಡಿ. ಎಡಗಡೆ ಬಾಗಿಲಿಂದ ಇಳ್ಸಿ, ಕಬ್ಬಿಣದ ತಡೆ ದಾಟಿ ಆಚೆ ನಿಲ್ಸಿ. ಹಿಂದಿಂದ ಬರೋ ಲಾರಿಯೋನಿಗೆ ನಿಂತಿರೋ ಗಾಡಿ ಓಡ್ತಾ ಇರೋ ಗಾಡಿ ಥರಾನೇ ಕಾಣ್ತದೆ.

ಪ್ಲಾನ್ ಬೇಕಾಗೋದು ಹೆದ್ದಾರಿ ಬುಟ್ಟು ಒಳಕ್ಕೆ ತಿರುಗಿದ ಮೇಲೆ. ಹಲಗೂರಿಂದ ಮುತ್ತತ್ತಿಗೆ, ಮಳವಳ್ಳಿಯಿಂದ ಶಿವನಸಮುದ್ರಕ್ಕೆ, ಹನೂರು ದಾಟಿ ಬೆಟ್ಟದ ಕಡೆಗೆ. ನಮ್ಮ ನಾದಿನಿ ಶ್ರಾವಣ ಶನಿವಾರ ಮುತ್ತತ್ತಿರಾಯನಿಗೆ ಹರಕೆ ತೀರ್ಸಿ ಅತ್ತೆ, ಇಬ್ರು ಮಕ್ಕಳ ಜೊತೆ ವಾಪಸ್ ಬರೋವಾಗ ಕಾಡು ರೋಡಲ್ಲಿ ಕಾರು ಬಿಸಿಯಾಗಿ ನಿಂತೋಯ್ತು. ಓಡಿಸ್ತಾ ಇದ್ದೋನು ದೊಡ್ಡ ಮಗ, ಲೈಸೆನ್ಸ್ ಬಂದು ವರ್ಷ ಆಗಿಲ್ಲ. ಸಂಜೆ ಆರೂವರೆ. ಆನೆ ಓಡಾಡೋ ಜಾಗ ಅದು, ಕಾವೇರಿ ವನ್ಯಧಾಮದೊಳಗೆ. ಸಿಗ್ನಲ್ಲು ಒಂದು ಗೆರೆ ಬತ್ತದೆ, ಹೋಯ್ತದೆ. ಹೆಂಗೋ ಫೋನ್ ಸಿಕ್ತು. "ನಿಮ್ಮ ರಿಜಿಸ್ಟರ್ಡ್ ಮೊಬೈಲಿಗೆ ಓಟಿಪಿ ಕಳ್ಸಿದ್ದೀವಿ ಮೇಡಂ" ಅಂದ್ಳಂತೆ ಆ ಕಡೆಯೋಳು, ಅದೂ ಹಿಂದೀಲಿ. ರಿಜಿಸ್ಟರ್ ಆಗಿರೋ ಮೊಬೈಲು ಯಾರ್ದು? ಗಂಡಂದು. ಗಂಡ ಎಲ್ಲಿ? ಫ್ಯಾಕ್ಟ್ರೀಲಿ ಸೆಕೆಂಡ್ ಶಿಫ್ಟು, ಫೋನು ಲಾಕರಲ್ಲಿ. ಆಮೇಲೆ ಲಿಂಕ್ ಕಳಿಸ್ತೀವಿ, ಒತ್ತಿ, ಲೊಕೇಶನ್ ಬತ್ತದೆ ಅಂದ್ರು. ನೆಟ್ಟೇ ಇಲ್ಲ, ಏನು ಒತ್ತೋದು? ಕೊನೆಗೆ ಗಾಡಿ ಬೆಂಗಳೂರಿಂದ ಬರ್ಬೇಕು, ಮೂರು ಗಂಟೆ ಆಗಬೌದು ಅಂದ್ರಂತೆ. ಅತ್ತೆಗೆ ಸಕ್ಕರೆ ಕಾಯಿಲೆ, ಗಳಿಗೆಗೊಂದು ಸಲ ಎದ್ದೋಗ್ಬೇಕು, ಕಾಡೊಳಕ್ಕೆ ಹೋಗಂಗಿಲ್ಲ. ಹರಕೆಗೆ ಬಂದಿದ್ದ ಯಾರೋ ಪುಣ್ಯಾತ್ಮರು ತಮ್ಮ ಗೂಡ್ಸ್ ಆಟೋಲಿ ಎಲ್ಲಾರ್ನೂ ಹಲಗೂರಿಗೆ ತಂದು ಬುಟ್ರು. ಕಾರು ರಾತ್ರಿಯೆಲ್ಲ ಅಲ್ಲೇ.

ಇದನ್ನ ಯೋಳುದ್ರೆ ನಮ್ಮ ಮನೆಯೋರು, "ಪ್ಲಾನ್ ಇತ್ತಲ್ಲ, ಸರಿಯಾಗಿ ಮಾತಾಡಕ್ ಬರ್ಲಿಲ್ಲ ಅವಳಿಗೆ" ಅಂತಾರೆ. ನೋಡಿ ನ್ಯಾಯ! ಪ್ಲಾನ್ ಆರಿಸ್ದೋನು ಲಾಕರಲ್ಲಿ ಫೋನ್ ಮಡಗಿ ಕೂತವ್ನೆ, ತಪ್ಪು ಕಾಡಲ್ಲಿ ನಿಂತೋಳ್ದು. ಅವನೇನು ಕೆಟ್ಟೋನಲ್ಲ, ದುಡಿಯೋಕ್ ಹೋಗಿದ್ದ. ಆದ್ರೆ ಆ ಪ್ಲಾನು ಒಬ್ಬ ಗಂಡಸು, ಕೈಲಿ ಚಾರ್ಜ್ ಇರೋ ಫೋನು, ಪಟ್ಟಣದ ರೋಡು ಅಂತ ಲೆಕ್ಕ ಹಾಕಿ ಮಾಡಿದ್ದು, ಅಂಥೋನೇ ಆರಿಸಿದ್ದು.

ಹಂಗಾಗಿ ಮೊದಲನೇ ಪ್ರಶ್ನೆ ರೇಟು ಅಲ್ಲ. ಇನ್ಶೂರೆನ್ಸ್ ಜೊತೆ ಸೇರಿಸ್ಕೊಂಡ್ರೆ ಇದು ವರ್ಷಕ್ಕೆ ಕೆಲವು ನೂರು ರೂಪಾಯಿ ವ್ಯವಹಾರ, ಹಬ್ಬಕ್ಕೆ ಬ್ಲೌಸ್ ಹೊಲ್ಸೋ ಕೂಲಿ. ಐವತ್ತು ಕಮ್ಮಿಗೆ ಸಿಕ್ತು ಅಂತ ಮೀಸೆ ತಿರುವೋದ್ರಲ್ಲಿ ಏನೂ ಇಲ್ಲ. ಪ್ಲಾನ್ ತಕ್ಕೊಳ್ಳೋಕ್ ಮುಂಚೆ ಅವ್ರ ಸಹಾಯವಾಣಿಗೆ ನೀವೇ ಫೋನ್ ಮಾಡಿ, ನಿಮ್ಮ ಭಾಷೇಲೇ ಕೇಳಿ: "ಹಲಗೂರಿಂದಾಚೆ ಮುತ್ತತ್ತಿ ರೋಡಲ್ಲಿ ರಾತ್ರಿ ಎಂಟಕ್ಕೆ ನಿಂತ್ರೆ ನಿಮ್ಮ ಗಾಡಿ ಯಾವೂರಿಂದ ಬತ್ತದೆ?" ಮಳವಳ್ಳಿ, ಮದ್ದೂರು, ಮಂಡ್ಯ ಅಂದ್ರೆ ಮುಂದಕ್ಕೆ ಮಾತಾಡಿ. ಬೆಂಗಳೂರು ಅಂದ್ರೆ ಫೋನ್ ಮಡಗಿ. ಕನ್ನಡದೋರು ಸಿಗೋಕೆ ಎಷ್ಟೊತ್ತು ಆಯ್ತು ಅಂತ್ಲೂ ಗಮನಿಸಿ, ಹಗಲಲ್ಲಿ ಸಿಗದೋರು ರಾತ್ರಿ ಸಿಗಲ್ಲ. ಓಟಿಪಿ ಇಲ್ದೆ, ಲಿಂಕ್ ಇಲ್ದೆ, ಬರೀ ಗಾಡಿ ನಂಬರು, ಊರ ಹೆಸ್ರು ಯೋಳುದ್ರೆ ಬತ್ತೀರಾ ಅಂತ ಕೇಳಿ. ಪಾಲಿಸೀಲಿ ಎರಡನೇ ನಂಬರ್ ಸೇರ್ಸಕ್ಕೆ ಆಗ್ತದಾ ಅಂತ ಕೇಳಿ, ಆಗ್ತದೆ ಅಂದ್ರೆ ನಿಮ್ದು ಸೇರ್ಸಿ. ಆಗಲ್ಲ ಅಂದ್ರೆ ರಿಜಿಸ್ಟರ್ ನಂಬರೇ ನಿಮ್ದು ಮಾಡ್ಸಿ. ಗಂಡಂಗೆ ಮರ್ಯಾದೆ ಏನೂ ಕಮ್ಮಿ ಆಗಲ್ಲ.

ಕಿಲೋಮೀಟರಿನ ಲೆಕ್ಕ ಇನ್ನೊಂದು ಮೋಸ. "ಟೋಯಿಂಗ್ ಫ್ರೀ" ಅಂತ ದಪ್ಪಕ್ಷರದಲ್ಲಿ ಇರ್ತದೆ, ಎಷ್ಟು ದೂರ ಅನ್ನೋದು ಸಣ್ಣಕ್ಷರದಲ್ಲಿ. 50 ಕಿಲೋಮೀಟರ್ ಅಂತ ಇದ್ರೆ ಮಾದಪ್ಪನ ಬೆಟ್ಟದಲ್ಲಿ ಕೆಟ್ಟ ಗಾಡಿ ಕೊಳ್ಳೇಗಾಲವನ್ನೂ ಮುಟ್ಟಲ್ಲ, ಮಂಡ್ಯದ ಮಾತು ಎಲ್ಲಿಂದ ಬಂತು? ಮಿಕ್ಕಿದ್ದಕ್ಕೆ ಕಿಲೋಮೀಟರಿಗಿಷ್ಟು ಅಂತ ರಾತ್ರಿ ಹೊತ್ತು ರೋಡಲ್ಲೇ ನಿಮ್ಮ ಪರ್ಸಿಂದ ಕೀಳ್ತಾರೆ. ಆ ಲೆಕ್ಕ ಅವ್ರ ಲಾರಿ ಹೊರಟ ಜಾಗದಿಂದಲಾ, ನಿಮ್ಮ ಗಾಡಿ ನಿಂತ ಜಾಗದಿಂದಲಾ? ಹೋಗೋದು ಬರೋದು ಎರಡೂ ಸೇರ್ತದಾ? ಬರವಣಿಗೇಲಿ ಕೇಳಿ. ಅವ್ರು ಯಾವ ಗ್ಯಾರೇಜಿಗೆ ಒಯ್ತಾರೆ, ಹತ್ರದ್ದಕ್ಕಾ, ಕಂಪ್ನಿ ವರ್ಕ್‌ಶಾಪಿಗಾ, ಅದೂ ಗೊತ್ತಿರ್ಬೇಕು. ಆಟೋಮ್ಯಾಟಿಕ್ ಗೇರು, ಎಲೆಕ್ಟ್ರಿಕ್ ಗಾಡಿ ಇರೋರು ಗಾಡೀನ ಪೂರ್ತಿ ಮೇಲೆ ಹತ್ತಿಸ್ಕೊಂಡು ಹೋಗೋ ಲಾರಿ ಬತ್ತದಾ ಅಂತ ಕೇಳಲೇಬೇಕು. ಹಗ್ಗ ಕಟ್ಟಿ ಎಳುದ್ರೆ ಅಂಥ ಗಾಡಿ ಒಳಗೇ ಹಾಳಾಯ್ತದೆ, ಹಗ್ಗದ ಖರ್ಚಲ್ಲಿ ಮುಗಿಯಲ್ಲ.

ನನಗೆ ಸಿಟ್ಟು ಬರೋದು ಇದಕ್ಕೆ: ಎತ್ಕೊಂಡು ಹೋಗೋದು ಗಾಡೀನ. ನಮ್ಮನ್ನ? ಲಾರಿ ಮುಂದ್ಗಡೆ ಡ್ರೈವರ್ ಪಕ್ಕ ಹಿಡಿಯೋದು ಇಬ್ರು. ಮಿಕ್ಕ ಐದಾರು ಜನ, ದಬರಿ, ಚಾಪೆ, ಸಿಲಿಂಡ್ರು? ಎಷ್ಟೋ ಪ್ಲಾನಲ್ಲಿ ಟ್ಯಾಕ್ಸಿ ಕೊಡ್ತೀವಿ, ರಾತ್ರಿ ತಂಗಕ್ಕೆ ರೂಮ್ ಕೊಡ್ತೀವಿ ಅಂತ ಬರ್ದಿರ್ತಾರೆ, ಆದ್ರೆ ಮನೆಯಿಂದ ಇಂತಿಷ್ಟು ಕಿಲೋಮೀಟರ್ ಆಚೆ ಕೆಟ್ರೆ ಮಾತ್ರ. ಮದ್ದೂರಿನೋಳಿಗೆ ಮುತ್ತತ್ತಿ "ಮನೆ ಹತ್ರ" ಅಂತೆ! ಕತ್ತಲಲ್ಲಿ ಸಕ್ಕರೆ ಕಾಯಿಲೆ ಮುದುಕೀನ ಕಟ್ಕೊಂಡು ನಿಂತೋಳಿಗೆ ಯಾವುದು ಹತ್ರ? ಗಾಡಿ ನಾಳೆ ಬೆಳಿಗ್ಗೆ ಬಂದ್ರೂ ನಡೀತದೆ, ಜನ ಇವತ್ತೇ ಮನೆ ಸೇರ್ಬೇಕು. ನಾನಾದ್ರೆ ಬ್ಯಾಟ್ರಿ ಜಂಪು, ಕೀ ಮರ್ತಿದ್ದಕ್ಕೆ ಬಾಗಿಲು ತೆಗ್ಯೋದು, ಪೆಟ್ರೋಲ್ ತಂದ್ಕೊಡೋದು (ಪೆಟ್ರೋಲ್ ದುಡ್ಡು ನಮ್ದೇ ಬುಡಿ) ಇವೆಲ್ಲಕ್ಕಿಂತ ಮುಂಚೆ ಆ ಟ್ಯಾಕ್ಸಿ ಸಾಲನ್ನ ಓದ್ತೀನಿ. ಗಂಡಸ್ರು ಅದನ್ನ ಕೊನೇಲಿ ಓದ್ತಾರೆ, ಇಲ್ಲ ಓದೋದೇ ಇಲ್ಲ.

ಇನ್ನು "ನಮ್ದು ಮೂರು ವರ್ಷದ ಇನ್ಶೂರೆನ್ಸು" ಅಂತ ಎದೆ ಉಬ್ಬಿಸೋರಿಗೆ. ಸುಪ್ರೀಂ ಕೋರ್ಟು ಹೇಳಿದ ಮೇಲೆ 2018ರ ಸೆಪ್ಟೆಂಬರ್ 1ರಿಂದ ಹೊಸ ಕಾರಿಗೆ 3 ವರ್ಷ, ಹೊಸ ಬೈಕಿಗೆ 5 ವರ್ಷದ ಥರ್ಡ್ ಪಾರ್ಟಿ ವಿಮೆ ಒಟ್ಟಿಗೇ ಕಟ್ಟಬೇಕು. ಅದು ನಮ್ಮ ಗಾಡಿಯಿಂದ ಇನ್ನೊಬ್ರಿಗೆ ಆಗೋ ನಷ್ಟಕ್ಕೆ. ನಮ್ಮ ಗಾಡಿಗೆ ಆಗೋ ನಷ್ಟದ ಭಾಗ, ಓನ್ ಡ್ಯಾಮೇಜ್ ಅಂತಾರೆ, ಅದು ಬಹಳ ಕಾಗದದಲ್ಲಿ ಒಂದೇ ವರ್ಷಕ್ಕೆ ಇರ್ತದೆ. ರೋಡ್ ಸಹಾಯ ಆ ಭಾಗಕ್ಕೆ ಅಂಟ್ಕೊಂಡಿರೋ ಬಾಲ. ಅದು ಮುಗುದ್ರೆ ಬಾಲವೂ ಮುಗೀತು, ಮೂರು ವರ್ಷದ ಕಾಗದ ಬೀರುವಲ್ಲಿ ಜೋಪಾನವಾಗಿದ್ರೂ ಸೈ. ಪ್ರತಿ ವರ್ಷ ರಿನ್ಯೂವಲ್ ಮಾಡ್ಸೋವಾಗ್ಲೂ ಅದನ್ನ ಮತ್ತೆ ಬಾಯ್ಬುಟ್ಟು ಕೇಳಿ ಸೇರ್ಸ್ಬೇಕು. ಇದರ ತದ್ವಿರುದ್ಧದೋರೂ ಅವ್ರೆ: ಹೊಸ ಗಾಡಿ ಜೊತೆ ಕಂಪ್ನಿಯೋರು ಕೊಟ್ಟ ಸಹಾಯ ಒಂದು, ವಿಮೇಲಿ ಒಂದು, ಯಾರೋ ಏಜೆಂಟ್ ಕಾರ್ಡ್ ಮಾರಿದ್ದು ಇನ್ನೊಂದು. ಮೂರಕ್ಕೂ ದುಡ್ಡು ಹೋಯ್ತದೆ, ಕೆಟ್ಟ ದಿನ ಯಾವ ನಂಬರ್ ಒತ್ತಬೇಕು ಅಂತ ಒಬ್ರಿಗೂ ಗೊತ್ತಿರಲ್ಲ.

"ನಿಮಗೇನ್ ಗೊತ್ತು ಗಾಡಿ ವಿಷ್ಯ" ಅಂತಾರೆ. ಡೇರೀಲಿ ಹಾಲಿನ ಫ್ಯಾಟು ಒಂದು ಪಾಯಿಂಟ್ ಕಮ್ಮಿ ಬರುದ್ರೆ ಹಿಡಿಯೋರು ಯಾರು? ಸಂಘದ ಸಾಲದ ಬಡ್ಡೀನ ಬೆರಳಲ್ಲಿ ಎಣಿಸೋರು ಯಾರು? ಇದು ಇಂಜಿನ್ ಬಿಚ್ಚೋ ವಿದ್ಯೆ ಅಲ್ಲ ಕಣ್ರವ್ವ, ಎರಡು ಪುಟದ ಕಾಗದ ಓದೋ ಕೆಲ್ಸ. ಗಾಡಿ ಗೊತ್ತಿರೋರೇ ರಾತ್ರಿ ಹೊತ್ತು ನಾಲೆ ಏರಿ ಮೇಲೆ "ಇಳೀರಿ, ತಳ್ರಿ, ಸ್ಟಾರ್ಟ್ ಆಯ್ತದೆ" ಅನ್ನೋದು. ವಿ.ಸಿ. ನಾಲೆ ಎಂಥದ್ದು ಅಂತ ನಮ್ಮ ಜಿಲ್ಲೆಯೋರಿಗೆ ಯೋಳ್ಬೇಕಾ? 2018ರ ನವೆಂಬರ್ 24ರಂದು ಕನಗನಮರಡಿ ಹತ್ರ ಹಗಲು ಹೊತ್ತಲ್ಲೇ ಬಸ್ಸು ಬಿದ್ದು 30 ಜನ ಹೋದ್ರು. ಕತ್ತಲಲ್ಲಿ ಏರಿ ಮೇಲೆ ಗಾಡಿ ತಳ್ಳೋ ಶೂರತನಕ್ಕೆ ನಾವು ಹೆಗಲು ಕೊಡೋದು ಬ್ಯಾಡ.

ದುಡ್ಡು ಕಟ್ಟಿಸ್ಕೊಂಡು ಬರದೇ ಹೋದ್ರೆ ಸುಮ್ನೆ ಬೈಕೊಂಡು ಕೂರಬ್ಯಾಡಿ. ಫೋನ್ ಮಾಡಿದ ಹೊತ್ತು, ಅವ್ರು ಕೊಟ್ಟ ದೂರಿನ ನಂಬರು ಬರ್ದು ಮಡೀಕ್ಕೊಳಿ. ವಿಮೆ ಕಂಪ್ನಿಯೋರ ಮೇಲೆ ಆದ್ರೆ ಐಆರ್‌ಡಿಎಐನ 155255, ಮಿಕ್ಕಿದ್ದಕ್ಕೆ ಗ್ರಾಹಕರ ಸಹಾಯವಾಣಿ 1915. ರೋಡಲ್ಲಿ ಹೆದರಿಕೆ ಆಯ್ತು, ಯಾರೋ ಬಂದು ಸುತ್ತಾಡ್ತಾವ್ರೆ ಅಂದ್ರೆ ಪ್ಲಾನೂ ಬ್ಯಾಡ ಏನೂ ಬ್ಯಾಡ, ಮೊದಲು 112.

ನಮ್ಮ ಬೀದಿಯೋರಲ್ಲಿ ಶಿವರಾತ್ರಿಗೆ ಬೆಟ್ಟಕ್ಕೆ ಹೊರಡೋ ಮನೆ ನಾಲ್ಕವೆ ಅಂತ ಕೇಳ್ದೆ. ಭಾನುವಾರ ಮಧ್ಯಾಹ್ನ ಊಟ ಆದ್ಮೇಲೆ ಗಾಡಿ ಪಾಲಿಸಿ ಕಾಗದ ತಕ್ಕೊಂಡು ಬನ್ನಿ, ಓನ್ ಡ್ಯಾಮೇಜ್ ತಾರೀಕು ಎಲ್ಲಿರ್ತದೆ ಅಂತ ತೋರಿಸ್ತೀನಿ. ಕನ್ನಡಕ ಮರೀಬ್ಯಾಡಿ, ಅಕ್ಷರ ಬಲು ಸಣ್ಣ.