ಕೌದಿ ಹೊಲಿಯುವ ಹೊತ್ತು ಹಾಳಾದ ಹೊತ್ತಲ್ಲ



ಆಕಳಿಗೆ ಹಿಂಡಿ ಎಷ್ಟು, ಖನಿಜ ಮಿಶ್ರಣ ಎಷ್ಟು, ಲಸಿಕೆ ಯಾವಾಗ ಎಂಬುದು ನಿಮಗೆ ಬಾಯಿಪಾಠ. ಹಾಲಿನ ಫ್ಯಾಟ್ ಕೊಂಚ ಇಳಿದರೂ ಅಂದೇ ಕಾರಣ ಹುಡುಕುತ್ತೀರಿ. ಆದರೆ ನಿಮ್ಮ ತಲೆಗೆ, ಮನಸ್ಸಿಗೆ ಯಾವ ಮೇವು ಬೇಕು ಎಂದು ಎಂದಾದರೂ ಕೇಳಿಕೊಂಡಿದ್ದೀರಾ? ದನಕ್ಕೆ ಹಬ್ಬವಿಲ್ಲ, ಭಾನುವಾರವಿಲ್ಲ. ಹಾಗಾಗಿ ನಿಮಗೂ ಇಲ್ಲ. ನಾನು ಹೇಳುವುದು ಒಂದೇ ಮಾತು: ವಾರಕ್ಕೊಂದು ಮಧ್ಯಾಹ್ನ ಸದಸ್ಯೆಯರು ಕೂಡಿ ಕೌದಿ ಹೊಲಿಯಲು ಪ್ರತಿ ಮಹಿಳಾ ಸಂಘವೂ ತನ್ನ ಕೋಣೆಯನ್ನು ತೆರೆದಿಡಬೇಕು. ಅದು ಹರಟೆಯ ನೆಪವಲ್ಲ, ಆರೋಗ್ಯದ ಕೆಲಸ.

ಕೌದಿ ನಮಗೆ ಹೊಸದಲ್ಲ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಹಳೆಯ ಸೀರೆ, ಧೋತರಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣದ ತುಂಡುಗಳನ್ನು ಕೂಡಿಸಿ, ಸಾಲುಸಾಲಾಗಿ ಹೊಲಿಗೆ ಹಾಕುತ್ತಿದ್ದರು. ಹಳಿಯಾಳ, ಯಲ್ಲಾಪುರ ಭಾಗದ ಸಿದ್ದಿ ಹೆಣ್ಣುಮಕ್ಕಳು ಹೊಲಿಯುವ ಕವಂದಿಯೂ ಇದೇ ಬಳಗದ್ದು. ಅವರು ಅಂಚಿನಿಂದ ಶುರುಮಾಡಿ ಸುತ್ತುತ್ತಾ ನಡುವಿಗೆ ಬರುತ್ತಾರೆ. ನಾಲ್ಕು ಮೂಲೆಗೂ ತ್ರಿಕೋನದ ಬಟ್ಟೆಯ ಹೂವು ಕೂಡಿಸುತ್ತಾರೆ. ಹೂವಿಲ್ಲದಿದ್ದರೆ ಕವಂದಿ ಬೆತ್ತಲೆ ಎಂಬುದು ಅವರ ಮಾತು. ಹೊದೆಯಲು ಬೇಕಾಗುವ ಬಟ್ಟೆಗೂ ಹೂವು ಬೇಕೆಂದ ಆ ಕೈಗಳನ್ನು ಕಲಾವಿದರ ಕೈ ಎನ್ನದೆ ಇನ್ನೇನು ಎನ್ನಬೇಕು?

ಈಗ ಸಂತೆಯಲ್ಲಿ ಅಗ್ಗಕ್ಕೆ ಕಂಬಳಿ, ರಗ್ಗು ಸಿಗುತ್ತವೆ. ಚಳಿ ತಡೆಯಲು ಅಷ್ಟು ಸಾಕು. ಆದರೆ ಕೌದಿ ಹೋದಾಗ ಕಟ್ಟೆಯ ಮೇಲೆ ನಾಲ್ಕು ಮಂದಿ ಕೂಡಿ ಕೂರುವುದೂ ಹೋಯಿತು. ಆ ನಷ್ಟವನ್ನು ಯಾರೂ ಲೆಕ್ಕ ಹಾಕಲಿಲ್ಲ.

ಕೌದಿ ಹೊಲಿಯುವಾಗ ತಲೆ ಎಷ್ಟು ದುಡಿಯುತ್ತದೆ ನೋಡಿ. ಯಾವ ಬಣ್ಣದ ಪಕ್ಕ ಯಾವ ಬಣ್ಣ, ಚಿಕ್ಕ ತುಂಡು ಎಲ್ಲಿ ಕೂಡುತ್ತದೆ, ಹೊಲಿಗೆಯ ಅಂತರ ಎಷ್ಟು ಎಂದು ಲೆಕ್ಕ ಇಡಬೇಕು. ಕಣ್ಣು ಮತ್ತು ಕೈ ಜೊತೆಯಾಗಿ ನಡೆಯಬೇಕು. ‘ಇದು ನಿನ್ನ ಸೀಮಂತದ ಸೀರೆ ಅಲ್ಲವೇನೆ?’ ಎಂದು ಒಬ್ಬರು ಕೇಳಿದರೆ ಇಪ್ಪತ್ತು ವರ್ಷದ ನೆನಪು ಎದ್ದು ಕೂರುತ್ತದೆ. ಬೇಸಿಗೆಗೆಂದು ಸುಗ್ಗಿಯಲ್ಲೇ ಮೇವಿನ ಬಣವೆ ಒಟ್ಟುತ್ತೇವಲ್ಲ, ಹಾಗೆಯೇ ಇಂಥ ಕೆಲಸಗಳು ಮುಪ್ಪಿನ ಕಾಲಕ್ಕೆ ಮೆದುಳಿನಲ್ಲಿ ಒಂದಿಷ್ಟು ಕಸುವನ್ನು ಕೂಡಿಡುತ್ತವೆ ಎಂದು ತಜ್ಞರು ಹೇಳುತ್ತಾರೆ.

ಇದು ಬರೀ ನಂಬಿಕೆಯ ಮಾತಲ್ಲ. ಕಲೆ ಮತ್ತು ಆರೋಗ್ಯದ ನಂಟಿನ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಒಂದು ವರದಿ ಹೊರತಂದಿತು. 900ಕ್ಕೂ ಹೆಚ್ಚು ಪ್ರಕಟಣೆಗಳನ್ನು ಪರಿಶೀಲಿಸಿ, ಹಾಡು, ಕುಣಿತ, ಚಿತ್ರ, ಕರಕುಶಲ ಕೆಲಸಗಳು ರೋಗ ತಡೆಯುವುದರಲ್ಲೂ ರೋಗ ನಿಭಾಯಿಸುವುದರಲ್ಲೂ ನೆರವಾಗುತ್ತವೆ ಎಂದು ಅದು ಹೇಳಿತು. ಅಮೆರಿಕದ ಮೇಯೊ ಕ್ಲಿನಿಕ್ ತಜ್ಞರು 85 ದಾಟಿದ 256 ಹಿರಿಯರನ್ನು ಸುಮಾರು ನಾಲ್ಕು ವರ್ಷ ಗಮನಿಸಿ 2015ರಲ್ಲಿ ಫಲಿತಾಂಶ ಪ್ರಕಟಿಸಿದರು. ನಡುವಯಸ್ಸಿನಲ್ಲೂ ಮುಪ್ಪಿನಲ್ಲೂ ಕರಕುಶಲ ಕೆಲಸ ಬಿಡದವರಲ್ಲಿ, ಜನರೊಡನೆ ಬೆರೆಯುತ್ತಿದ್ದವರಲ್ಲಿ ನೆನಪು ಮತ್ತು ಯೋಚನಾಶಕ್ತಿ ಕುಂದುವುದು ಕಡಿಮೆ ಕಂಡಿತು. ಅವರ ಕರಕುಶಲ ಪಟ್ಟಿಯಲ್ಲಿ ಮಡಿಕೆ, ಮರಗೆಲಸಗಳ ಜೊತೆ ಬಟ್ಟೆಯ ತುಂಡು ಕೂಡಿಸಿ ಹೊದಿಕೆ ಹೊಲಿಯುವುದೂ ಇತ್ತು. ಅಂದರೆ ನಮ್ಮ ಕೌದಿಯ ಕೆಲಸವೇ!

ಮೊಬೈಲಿನಲ್ಲಿ ರಂಗೋಲಿ, ಕಸೂತಿಯ ವಿಡಿಯೋ ನೋಡಿದರೆ ಸಾಲದೇ ಎಂದು ಕಿರಿಯರು ಕೇಳಬಹುದು. ಜರ್ಮನಿಯಲ್ಲಿ ನಿವೃತ್ತರಾದ 28 ಮಂದಿಯನ್ನು ಎರಡು ಗುಂಪು ಮಾಡಿದರು. ಒಂದು ಗುಂಪು ಹತ್ತು ವಾರ ತಾವೇ ಚಿತ್ರ ಬರೆಯಿತು. ಇನ್ನೊಂದು ಚಿತ್ರಗಳನ್ನು ನೋಡಿ ಚರ್ಚಿಸಿತು. ಮೆದುಳಿನ ಭಾಗಗಳ ನಡುವಿನ ಸಂಪರ್ಕ ಬಲಗೊಂಡಿದ್ದು ಕೈಯಾರೆ ಮಾಡಿದವರಲ್ಲಿ. ಸಣ್ಣ ಅಧ್ಯಯನ ನಿಜ. ಆದರೂ ನೋಡುವುದು ಬೇರೆ, ಮಾಡುವುದು ಬೇರೆ ಎಂಬುದನ್ನು ಅದು ತೋರಿಸುತ್ತದೆ.

ಹಾಗೆಂದು ಕೌದಿಯೇ ಔಷಧ ಎನ್ನುತ್ತಿಲ್ಲ. ಮರೆಗುಳಿ ಕಾಯಿಲೆಗೆ ದಾರಿಮಾಡುವ, ಆದರೆ ನಾವು ತಡೆಯಬಹುದಾದ 14 ಕಾರಣಗಳನ್ನು ಲ್ಯಾನ್ಸೆಟ್ ಆಯೋಗ 2024ರಲ್ಲಿ ಪಟ್ಟಿ ಮಾಡಿದೆ. ಬಿಪಿ, ಸಕ್ಕರೆ ಕಾಯಿಲೆ, ಖಿನ್ನತೆ, ಕಿವಿ ಮಂದವಾಗುವುದು, ಕಣ್ಣು ಮಂಜಾಗುವುದು, ಒಂಟಿತನ ಎಲ್ಲವೂ ಅದರಲ್ಲಿವೆ. ಕೌದಿಗೆ ಕೂತಾಗ ಸೂಜಿಗೆ ದಾರ ಪೋಣಿಸಲು ಆಗುತ್ತಿಲ್ಲವೇ? ಕಣ್ಣು ತೋರಿಸಿ. ಮಾತ್ರೆ ನಡೆದಿದ್ದರೆ ನಿಲ್ಲಿಸಬೇಡಿ. ಮನೆಯ ಹಿರಿಯರು ಪರಿಚಯದ ದಾರಿಯನ್ನೇ ತಪ್ಪುತ್ತಿದ್ದರೆ ‘ವಯಸ್ಸಾಯಿತು’ ಎಂದು ಬಿಡದೆ ವೈದ್ಯರ ಬಳಿ ಕರೆದೊಯ್ಯಿರಿ. ಮನಸ್ಸು ತೀರಾ ಕುಗ್ಗಿದರೆ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆಮಾಡಿ ಕನ್ನಡದಲ್ಲೇ ಮಾತನಾಡಬಹುದು.

‘ಇದಕ್ಕೆಲ್ಲ ಹೊತ್ತೆಲ್ಲಿದೆ?’ ಎಂಬ ಪ್ರಶ್ನೆ ಬರುತ್ತದೆ. ನ್ಯಾಯವಾದ ಪ್ರಶ್ನೆಯೇ. ಅದಕ್ಕೇ ಈ ಮಾತನ್ನು ನಿಮ್ಮ ಮನೆಯವರಿಗೂ ಓದಿ ಹೇಳಿ. ವಾರಕ್ಕೆ ಎರಡು ತಾಸು ಮೇವು-ನೀರು ನೋಡಿಕೊಳ್ಳಲು ಗಂಡಂದಿರಿಗೆ, ಮಕ್ಕಳಿಗೆ ಕೈ ಇಲ್ಲವೇ? ಗಂಡಸರು ಕಟ್ಟೆಗೆ ಕೂರುವುದಕ್ಕೆ ಯಾರೂ ಲೆಕ್ಕ ಕೇಳುವುದಿಲ್ಲ.

ಇನ್ನು ಕೆಲವರು ‘ಹೊಲಿದು ಮಾರಿದರೆ ನಾಲ್ಕು ಕಾಸು ಬಂದೀತು’ ಎನ್ನುತ್ತಾರೆ. ಬರಲಿ, ಬೇಡವೆನ್ನುವುದಿಲ್ಲ. ಆದರೆ ಮೊದಲ ವರ್ಷ ಮಾರುವ ಮಾತು ಬೇಡ ಎಂಬುದು ನನ್ನ ಅಭಿಪ್ರಾಯ. ಆರ್ಡರು, ಗಡುವು, ದರದ ಜಗ್ಗಾಟ ಬಂದ ಕೂಡಲೇ ಅದು ಇನ್ನೊಂದು ದುಡಿಮೆಯಾಗುತ್ತದೆ. ದುಡಿಮೆ ನಿಮಗೆ ಈಗಲೇ ಸಾಕಷ್ಟಿದೆ. ಮೊದಲ ಕೌದಿಗಳು ಸಂಘದ ಬಾಣಂತಿಯರ ಮನೆಗೆ, ತೊಟ್ಟಿಲ ಮಕ್ಕಳಿಗೆ ಹೋಗಲಿ.

ಮಾಡಬೇಕಾದ್ದು ದೊಡ್ಡದೇನಲ್ಲ. ಬೆಳಗಿನ ಹಾಲು ಹೋದ ಮೇಲೆ ಸಂಜೆಯ ಹಾಲು ಬರುವ ತನಕ ಸಂಘದ ಕೋಣೆ ಖಾಲಿ ಇರುತ್ತದೆ. ಮುಂದಿನ ಸಭೆಯಲ್ಲಿ ವಾರಕ್ಕೊಂದು ಮಧ್ಯಾಹ್ನ ಅದರ ಕೀಲಿ ಕೇಳಿ. ಬಟ್ಟೆ ಮನೆಯಲ್ಲೇ ಇದೆ. ಸೂಜಿ-ದಾರದ ಖರ್ಚು ಒಂದು ಚೀಲ ಪಶು ಆಹಾರದ ಬೆಲೆಯನ್ನೂ ಮುಟ್ಟುವುದಿಲ್ಲ. ಕಲಿಸಲು ಹೊರಗಿನವರು ಬೇಡ. ಮೂಲೆಯಲ್ಲಿ ಮಾತಿಲ್ಲದೆ ಕೂತಿರುವ ನಿಮ್ಮ ಅತ್ತೆಯನ್ನು ಕೈಹಿಡಿದು ಕರೆತನ್ನಿ. ಹೊಲಿಗೆಯ ಲೆಕ್ಕ ಅವರಿಗೆ ಗೊತ್ತು. ಕೇಳುವವರು ಬೇಕು, ಅಷ್ಟೆ.

ಒಂದೊಂದು ಮನೆಯ ಒಂದೆರಡು ಲೀಟರ್ ಹಾಲನ್ನು ಕೂಡಿಸಿ ಸಂಘ ಕಟ್ಟಿದವರು ನೀವು. ಒಂದೊಂದು ಮನೆಯ ಹಳೆಯ ಸೀರೆಯನ್ನು ಕೂಡಿಸುವುದು ನಿಮಗೆ ಕಷ್ಟವೇ?