ಗಲ್ಲಾದ ಕೀಲಿಯೂ ಧಣಿಯ ಕಟ್ಟಳೆಯೂ

ಬೈಕುಲ್ಲಾ ಸ್ಟೇಷನ್ ಹತ್ತಿರದ ಹೋಟೆಲೊಂದರಲ್ಲಿ ನಾನು ದಿನಾ ಚಹಾ ಕುಡಿಯುತ್ತೇನೆ. ಅಲ್ಲಿನ ಮ್ಯಾನೇಜರ್ ಕುಂದಾಪುರ ಕಡೆಯವರು. ಮೊನ್ನೆ ಕೇಳಿದರು: “ಮೊಬೈಲಿಗೆ ಮದುವೆ ಕಾಗದ ಅಂತ ಎಪಿಕೆ ಫೈಲ್ ಬಂದಿತ್ತು, ನಾನು ಒತ್ತಲಿಲ್ಲ. ಒತ್ತಿದ್ರೂ ಫೋನೇ ತಡೀತಿತ್ತಲ್ವಾ ಮಾರಾಯ್ರೆ?” ಅರ್ಧ ತಡೆಯುತ್ತದೆ, ಉಳಿದರ್ಧ ನಮ್ಮ ಕೈಯಲ್ಲಿದೆ ಎಂದೆ. ಈ ಸಲ ಅದನ್ನೇ ಬಿಡಿಸಿ ಹೇಳುತ್ತೇನೆ.

ಹೋಟೆಲಿನ ಲೆಕ್ಕದಲ್ಲೇ ನೋಡಿ. ಗಲ್ಲಾದ ಕೀಲಿ ಮ್ಯಾನೇಜರ್ ಬಳಿ ಇದೆ. ನಂಬಿಕೆ ಬಂದರೆ ಯಾರ ಕೈಗೂ ಕೊಡಬಹುದು. ಕಂಪ್ಯೂಟರುಗಳ ಹಳೆಯ ಪದ್ಧತಿ ಇದೇ: ಫೈಲ್ ಯಾರದೋ, ಅನುಮತಿ ಕೊಡುವ ಹಕ್ಕೂ ಅವರದೇ. ಅವರ ಹೆಸರಿನಲ್ಲಿ ಓಡುವ ಪ್ರೋಗ್ರಾಂ ಕೆಟ್ಟರೆ, ಅವರು ಮುಟ್ಟಬಹುದಾದದ್ದನ್ನೆಲ್ಲ ಅದೂ ಮುಟ್ಟುತ್ತದೆ. ಸರ್ವಾಧಿಕಾರವಿರುವ ‘ರೂಟ್’ ಕಳ್ಳರ ಕೈಗೆ ಸಿಕ್ಕರೆ ಇಡೀ ಹೋಟೆಲೇ ಹೋದಂತೆ.

ಇನ್ನೊಂದು ಪದ್ಧತಿಯಲ್ಲಿ ಧಣಿ ಮೊದಲೇ ಕಟ್ಟಳೆ ಬರೆದಿಟ್ಟಿರುತ್ತಾರೆ. ಸಪ್ಲಾಯರ್ ಗಲ್ಲಾ ಮುಟ್ಟುವಂತಿಲ್ಲ. ಮ್ಯಾನೇಜರೇ ಕೀಲಿ ಕೊಟ್ಟರೂ ಅವನಿಗೆ ಅದು ತೆರೆಯದು. ಇದೇ ಮ್ಯಾಂಡೇಟರಿ ಆಕ್ಸೆಸ್ ಕಂಟ್ರೋಲ್, ಅಂದರೆ ಕಡ್ಡಾಯ ಪ್ರವೇಶ ನಿಯಂತ್ರಣ. ಪ್ರತಿ ಪ್ರೋಗ್ರಾಂಗೂ ಪ್ರತಿ ಫೈಲಿಗೂ ಒಂದು ಚೀಟಿ; ಯಾವ ಚೀಟಿಯವರು ಏನು ಮುಟ್ಟಬಹುದು ಎಂಬ ಪಟ್ಟಿ ಕರ್ನೆಲ್ ಬಳಿ. ಪಟ್ಟಿಯಲ್ಲಿಲ್ಲದ್ದು ನಡೆಯದು, ಕೇಳಿದವರು ರೂಟ್ ಆದರೂ.

ಅಮೆರಿಕದ ಎನ್‌ಎಸ್‌ಎ ಇಂಥ ವ್ಯವಸ್ಥೆಯಾದ ಎಸ್‌ಇಲಿನಕ್ಸ್ ಅನ್ನು 2000ದಲ್ಲಿ ಬಿಡುಗಡೆ ಮಾಡಿತು. 2003ರಲ್ಲಿ ಅದು ಲಿನಕ್ಸ್ ಕರ್ನೆಲ್ಲಿನ ಭಾಗವಾಯಿತು. 2013ರಲ್ಲಿ ಆಂಡ್ರಾಯ್ಡ್ 4.3ಕ್ಕೆ ಬಂದಾಗ ಕಟ್ಟಳೆ ಮೀರಿದ್ದನ್ನು ಬರೆದಿಡುತ್ತಿತ್ತಷ್ಟೇ, 2014ರ 5.0ರಿಂದ ಪೂರ್ತಿಯಾಗಿ ತಡೆಯತೊಡಗಿತು. 2015ರಲ್ಲಿ ವಿಡಿಯೋ ತೆರೆಯುವ ಭಾಗದಲ್ಲಿ ‘ಸ್ಟೇಜ್‌ಫ್ರೈಟ್’ ಎಂಬ ದೋಷ ಸಿಕ್ಕಿತು. ಮರುವರ್ಷದ 7.0ರಲ್ಲಿ ಆ ಭಾಗವನ್ನೇ ಒಡೆದು, ಒಂದೊಂದು ತುಂಡಿಗೂ ಬೇಕಾದಷ್ಟೇ ಅಧಿಕಾರ ಕೊಟ್ಟರು.

ಹಾಗಾಗಿ ಆ ಮದುವೆ ಕಾಗದವನ್ನು ಒತ್ತಿದ್ದರೂ ಅದು ನೇರವಾಗಿ ನಿಮ್ಮ ಬ್ಯಾಂಕ್ ಆ್ಯಪಿನ ಖಾಸಗಿ ಫೈಲುಗಳಿಗೆ ಕೈ ಹಾಕುವುದು ಸುಲಭವಲ್ಲ. ಆದರೆ ಕಳ್ಳರಿಗೆ ಅದು ಬೇಕಾಗಿಯೂ ಇಲ್ಲ. “ಎಸ್‌ಎಂಎಸ್ ಓದಲೇ?” ಎಂದು ಆ ಆ್ಯಪ್ ಕೇಳುತ್ತದೆ, ನಾವು ‘ಅಲೋ’ ಒತ್ತುತ್ತೇವೆ, ಒಟಿಪಿ ಅವರ ಪಾಲಾಗುತ್ತದೆ. ಎಸ್‌ಎಂಎಸ್ ಅನುಮತಿ ಕೊಡುವುದು ಬಿಡುವುದು ನಮ್ಮ ಇಷ್ಟಕ್ಕೆ ಬಿಟ್ಟ ವಿಷಯ. ಅಲ್ಲಿ ಧಣಿಯ ಕಟ್ಟಳೆ ಅಡ್ಡ ಬರುವುದಿಲ್ಲ.

ಆದ್ದರಿಂದ ಮೂರು ಕೆಲಸ ಮಾಡಿ. ಸೆಟ್ಟಿಂಗ್ಸ್‌ನಲ್ಲಿ ‘ಇನ್‌ಸ್ಟಾಲ್ ಅನ್‌ನೋನ್ ಆ್ಯಪ್ಸ್’ ಎಲ್ಲ ಆ್ಯಪುಗಳಿಗೂ ಬಂದ್ ಇರಲಿ. ಎಸ್‌ಎಂಎಸ್ ಮತ್ತು ‘ಆ್ಯಕ್ಸೆಸಿಬಿಲಿಟಿ’ ಅನುಮತಿ ಯಾವ ಆ್ಯಪಿಗೆಲ್ಲ ಇದೆ ಎಂದು ಒಮ್ಮೆ ನೋಡಿ, ಬೇಡದ್ದನ್ನು ತೆಗೆಯಿರಿ. ಫೋನನ್ನು ರೂಟ್ ಮಾಡಿಸಬೇಡಿ. ಈಗಾಗಲೇ ಒತ್ತಿಬಿಟ್ಟಿದ್ದರೆ ಇಂಟರ್ನೆಟ್ ಬಂದ್ ಮಾಡಿ, ಬೇರೆ ಫೋನಿನಿಂದ ಬ್ಯಾಂಕಿಗೆ ತಿಳಿಸಿ, 1930ಕ್ಕೆ ದೂರು ಕೊಡಿ. ಊರಿನಲ್ಲಿರುವ ಅಪ್ಪ ಅಮ್ಮನಿಗೂ ಈ ನಂಬರ್ ಬರೆಸಿಡಿ.