ತೆರೆದು ನೋಡದ ಬ್ಯಾಕಪ್ ಬ್ಯಾಕಪ್ ಅಲ್ಲ

"ಬ್ಯಾಕಪ್ ಇದೆಯಾ?" ಎಂದು ಕೇಳಿದರೆ ಅಂಗಡಿಯವರೂ ಆಫೀಸಿನವರೂ "ಇದೆ" ಎಂದೇ ಹೇಳುತ್ತಾರೆ. "ಕೊನೆಯ ಸಲ ಅದನ್ನು ರಿಸ್ಟೋರ್ ಮಾಡಿ ನೋಡಿದ್ದು ಯಾವಾಗ?" ಎಂದರೆ ಉತ್ತರ ಬರುವುದು ಅಪರೂಪ. ನನ್ನ ಪ್ರಕಾರ ನಾವು ಮೊದಲು ಕೇಳಬೇಕಾದದ್ದು ಈ ಎರಡನೆಯ ಪ್ರಶ್ನೆಯನ್ನೇ.

ಗಿಟ್‌ಲ್ಯಾಬ್ ಕಂಪನಿಗೆ ಆದದ್ದನ್ನು ನೋಡಿ. ಸಾಫ್ಟ್‌ವೇರ್ ಬರೆಯುವವರು ತಮ್ಮ ಕೋಡ್ ಇಟ್ಟುಕೊಳ್ಳುವ ಜಾಗ ಅದು. 2017ರ ಜನವರಿ 31ರ ರಾತ್ರಿ ಅಲ್ಲಿನ ಒಬ್ಬ ಎಂಜಿನಿಯರ್ ನಕಲು ಸರ್ವರ್‌ನ ಡೇಟಾ ಅಳಿಸಲು ಹೋಗಿ ಅಸಲು ಸರ್ವರ್‌ನದನ್ನೇ ಅಳಿಸಿದರು. ಒಂದೆರಡು ಸೆಕೆಂಡಿನಲ್ಲಿ ಗೊತ್ತಾಗಿ ನಿಲ್ಲಿಸಿದರೂ, ಸುಮಾರು 300 ಜಿಬಿಯಲ್ಲಿ ಉಳಿದದ್ದು 4.5 ಜಿಬಿ ಮಾತ್ರ.

ದಿನಾ ತಾನಾಗಿಯೇ ಬ್ಯಾಕಪ್ ತೆಗೆಯುವ ವ್ಯವಸ್ಥೆ ಅವರಲ್ಲಿತ್ತು. ಆದರೆ ಡೇಟಾಬೇಸ್ ಪೋಸ್ಟ್‌ಗ್ರೆಸ್ 9.6, ಬ್ಯಾಕಪ್ ತೆಗೆಯುವ ಪ್ರೋಗ್ರಾಂ 9.2. ಎರಡೂ ಹೊಂದದೆ ಬ್ಯಾಕಪ್ ಆಗುತ್ತಲೇ ಇರಲಿಲ್ಲ. "ಬ್ಯಾಕಪ್ ಆಗಿಲ್ಲ" ಎಂದು ತಿಳಿಸಬೇಕಿದ್ದ ಇಮೇಲ್‌ಗಳೂ ಯಾರಿಗೂ ತಲುಪಿರಲಿಲ್ಲ. ಕೊನೆಗೆ ಕೈಹಿಡಿದದ್ದು ಒಂದು ಸ್ನ್ಯಾಪ್‌ಶಾಟ್. ಬೇರೆ ಕೆಲಸಕ್ಕೆಂದು ಆರು ಗಂಟೆ ಮೊದಲು ಅದನ್ನು ತೆಗೆದು ಪರೀಕ್ಷಾ ಸರ್ವರ್‌ಗೆ ಹಾಕಿದ್ದರು. ಆದರೂ ಆ ಆರು ಗಂಟೆಗಳಲ್ಲಿ ಸೇರಿದ್ದ ಸುಮಾರು 5,000 ಪ್ರಾಜೆಕ್ಟ್‌ಗಳ ದಾಖಲೆ, 5,000 ಕಾಮೆಂಟ್ ಮತ್ತು 700 ಹೊಸ ಬಳಕೆದಾರರ ಖಾತೆಗಳು ಹೋದವು.

ಸ್ನ್ಯಾಪ್‌ಶಾಟ್ ಎಂದರೆ ಡಿಸ್ಕಿನ ಆ ಕ್ಷಣದ ಸ್ಥಿತಿಯನ್ನು ಹಿಡಿದಿಡುವುದು. ಅದು ಇಡೀ ಡಿಸ್ಕನ್ನು ನಕಲು ಮಾಡುವುದಿಲ್ಲ. ಮುಂದೆ ಯಾವ ಭಾಗ ಬದಲಾಗುತ್ತದೋ ಆ ಭಾಗದ ಹಳೆಯ ರೂಪವನ್ನಷ್ಟೇ ಪಕ್ಕಕ್ಕೆ ಎತ್ತಿಡುತ್ತದೆ. ಹಾಗಾಗಿ ಕೆಲವೇ ಸೆಕೆಂಡಿನಲ್ಲಿ ಮುಗಿಯುತ್ತದೆ. ಆದರೆ ಆ ಡಿಸ್ಕೇ ಸುಟ್ಟುಹೋದರೆ ಅದರ ಮೇಲಿದ್ದ ಸ್ನ್ಯಾಪ್‌ಶಾಟ್ ಕೂಡ ಹೋಗುತ್ತದೆ. ಬೇರೆ ಜಾಗದಲ್ಲಿ ಇನ್ನೊಂದು ಪ್ರತಿ ಬೇಕೇ ಬೇಕು.

ಇನ್ನೊಂದು ತೊಡಕು ಕಾಮರ್ಸ್‌ನವರಿಗೆ ಬೇಗ ಅರ್ಥವಾಗುತ್ತದೆ. ಡೆಬಿಟ್ ಬರೆದು ಕ್ರೆಡಿಟ್ ಬರೆಯುವ ಮೊದಲೇ ಸ್ನ್ಯಾಪ್‌ಶಾಟ್ ತೆಗೆದರೆ ಲೆಕ್ಕ ಅರ್ಧಕ್ಕೆ ನಿಲ್ಲುವುದಿಲ್ಲವೇ? ಅದಕ್ಕಾಗಿಯೇ ಪೋಸ್ಟ್‌ಗ್ರೆಸ್‌ನಂಥ ಡೇಟಾಬೇಸ್‌ಗಳು, ನಾವು ಮೊದಲು ಜರ್ನಲ್ ಬರೆದು ಆಮೇಲೆ ಲೆಡ್ಜರ್‌ಗೆ ಏರಿಸುವಂತೆ, ಪ್ರತಿ ಬದಲಾವಣೆಯನ್ನೂ ಮೊದಲು ಒಂದು ಲಾಗ್‌ನಲ್ಲಿ ಬರೆಯುತ್ತವೆ. ರಿಸ್ಟೋರ್ ಮಾಡಿದಾಗ ಆ ಲಾಗ್ ನೋಡಿ ಲೆಕ್ಕ ಸರಿಪಡಿಸಿಕೊಳ್ಳುತ್ತವೆ. ಡೇಟಾ ಒಂದು ಡಿಸ್ಕಿನಲ್ಲಿ, ಲಾಗ್ ಇನ್ನೊಂದರಲ್ಲಿ ಇದ್ದರೆ ಎರಡರ ಸ್ನ್ಯಾಪ್‌ಶಾಟನ್ನೂ ಒಂದೇ ಕ್ಷಣದಲ್ಲಿ ತೆಗೆಯಬೇಕು. ಇಲ್ಲದಿದ್ದರೆ ತಾಳೆಯಾಗುವುದಿಲ್ಲ. ತಾಳೆಯಾಗುತ್ತದೋ ಇಲ್ಲವೋ ಎಂದು ತಿಳಿಯಲು ರಿಸ್ಟೋರ್ ಮಾಡಿ ನೋಡುವುದೊಂದೇ ದಾರಿ.

ಇದು ದೊಡ್ಡ ಕಂಪನಿಗಳ ವಿಷಯ, ನಮಗೇಕೆ ಎನ್ನಬಹುದು. ನಮ್ಮಲ್ಲಿ ಎಷ್ಟೋ ಜನರ ಮನೆಯವರು ಅಂಗಡಿ ಇಟ್ಟುಕೊಂಡಿದ್ದಾರೆ. ಉದ್ದರಿ ಲೆಕ್ಕ ಈಗ ಪುಸ್ತಕದಿಂದ ಟ್ಯಾಲಿಗೆ ಬಂದಿದೆ. ಆ ಫೈಲ್ ಹೋದರೆ ಯಾರು ಎಷ್ಟು ಕೊಡಬೇಕು ಎಂಬುದೂ ಹೋಗುತ್ತದೆ. ಬಾಕಿ ತೀರಿಸಿದವರಿಂದ ಮತ್ತೆ ಹಣ ಕೇಳುವ ಪರಿಸ್ಥಿತಿಯೂ ಬರಬಹುದು. ಕಾಲೇಜಿನಲ್ಲೂ ಫೀಸು, ಹಾಜರಿ, ಸ್ಕಾಲರ್‌ಶಿಪ್ ದಾಖಲೆಗಳಿವೆ. ಕನ್ನಡ ಪತ್ರಿಕೆಗಳಲ್ಲಿ "ಅಮಾನತು" ಎಂದರೆ ನೌಕರನನ್ನು ಕೆಲಸದಿಂದ ತಾತ್ಕಾಲಿಕವಾಗಿ ದೂರ ಇಡುವುದು. ನಮ್ಮ ಮನೆಯ ಉರ್ದುವಿನಲ್ಲಿ ಅಮಾನತ್ ಎಂದರೆ ಒಬ್ಬರು ನಂಬಿ ನಮ್ಮಲ್ಲಿ ಇಟ್ಟುಹೋದ ವಸ್ತು. ಬೇರೆಯವರ ಲೆಕ್ಕ ನಮ್ಮ ಕಂಪ್ಯೂಟರಿನಲ್ಲಿದ್ದರೆ ಅದು ಈ ಎರಡನೆಯ ಅರ್ಥದ ಅಮಾನತ್.

ಪ್ರತಿ ವಾರ ರಿಸ್ಟೋರ್ ಮಾಡಲು ಯಾರಿಗೂ ಸಮಯವಿಲ್ಲ, ನಿಜ. ಮೂರು ತಿಂಗಳಿಗೆ ಒಂದು ಸಲ ಸಾಕು. ಬ್ಯಾಕಪನ್ನು ಬೇರೆ ಕಂಪ್ಯೂಟರಿನಲ್ಲಿ ರಿಸ್ಟೋರ್ ಮಾಡಿ. ಅದೇ ಕಂಪ್ಯೂಟರಾದರೆ ಬೇರೆ ಫೋಲ್ಡರಿನಲ್ಲಿ, ಇಲ್ಲದಿದ್ದರೆ ಈಗಿನ ಲೆಕ್ಕದ ಮೇಲೆ ಹಳೆಯದು ಕೂರುತ್ತದೆ. ಬ್ಯಾಕಪ್ ತೆಗೆದ ದಿನದ ಟ್ರಯಲ್ ಬ್ಯಾಲೆನ್ಸ್ ಜೊತೆ ಮೊತ್ತ ಹೋಲಿಸಿ. ತಾರೀಖು, ಮೊತ್ತ, ನೋಡಿದವರ ಸಹಿ ಒಂದು ರಿಜಿಸ್ಟರಿನಲ್ಲಿರಲಿ.

ಕಂಪ್ಯೂಟರ್ ಲ್ಯಾಬಿನ ಸರ್ ಮತ್ತು ಮೇಡಂ ಅವರಲ್ಲಿ ಒಂದು ವಿನಂತಿ: ಈ ಕೆಲಸವನ್ನು ನಮಗೇ ಪ್ರಾಕ್ಟಿಕಲ್ ಆಗಿ ಕೊಡಿ. ಅಭ್ಯಾಸದ ಒಂದು ಡೇಟಾಬೇಸ್ ಕೊಟ್ಟು, ಅಳಿಸಿ, "ಈಗ ವಾಪಸ್ ತನ್ನಿ" ಎನ್ನಿ. ಎಸ್‌ಕ್ಯೂಎಲ್ ಕಮಾಂಡ್‌ಗಳನ್ನು ಬಾಯಿಪಾಠ ಮಾಡುವುದಕ್ಕಿಂತ ಒಂದು ಪಿರಿಯಡ್ಡಿನ ಈ ಕೆಲಸ ನಮಗೆ ಹೆಚ್ಚು ಕಲಿಸುತ್ತದೆ.